ಒಬ್ಬರ ಸಾಲ, ಇನ್ನೊಬ್ಬರ ಉಳಿತಾಯ: ಸಂಗಾತಿಗಳಿಬ್ಬರೂ ಮುಚ್ಚಿಟ್ಟಿದ್ದ ಲೆಕ್ಕದ ಒಂದು ಪ್ರಕರಣ ಅಧ್ಯಯನ

ಹಣದ ವಿಷಯದಲ್ಲಿ ಸಲಹೆ ಕೇಳಿ ನನ್ನ ಬಳಿ ಬಂದಿದ್ದ ಈ ಪ್ರಕರಣದ ಇಬ್ಬರೂ ಲಿಖಿತ ಒಪ್ಪಿಗೆ ಕೊಟ್ಟ ನಂತರವೇ ಇದನ್ನು ದಾಖಲಿಸುತ್ತಿದ್ದೇನೆ. ಅವರ ಉದ್ಯೋಗ, ವಯಸ್ಸು, ಊರು ಮುಂತಾಗಿ ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಅವರನ್ನು ಆಕೆ ಮತ್ತು ಆತ ಎಂದಷ್ಟೇ ಕರೆಯುತ್ತೇನೆ. ಹಣದ ಮೊತ್ತಗಳನ್ನೂ ನೇರವಾಗಿ ಕೊಟ್ಟಿಲ್ಲ. ಇಬ್ಬರ ಕೈಗೆ ಪ್ರತಿ ತಿಂಗಳು ಬರುವ ಒಟ್ಟು ವರಮಾನವನ್ನು 100 ಎಂದು ಇಟ್ಟುಕೊಂಡು ಉಳಿದ ಮೊತ್ತಗಳನ್ನೆಲ್ಲ ಅದೇ ಅಳತೆಯಲ್ಲಿ ಹೇಳಿದ್ದೇನೆ. ಹೀಗೆ ಮಾಡಿದರೆ ಗುರುತು ಮರೆಯಾಗುತ್ತದೆ, ಲೆಕ್ಕದ ಸ್ವರೂಪ ಮಾತ್ರ ಹಾಗೆಯೇ ಉಳಿಯುತ್ತದೆ.

ಹಿನ್ನೆಲೆ

ಇಬ್ಬರೂ ಒಂದೇ ಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಒಟ್ಟಿಗೆ ವಾಸಿಸುತ್ತಿದ್ದರು ಮತ್ತು ಮದುವೆಯಾಗುವ ನಿರ್ಧಾರಕ್ಕೆ ಬಂದಿದ್ದರು. ಆಕೆಯ ವರಮಾನ 60, ಆತನದು 40. ಬಾಡಿಗೆ, ದಿನಸಿ, ವಿದ್ಯುತ್ತು, ಓಡಾಟ ಎಲ್ಲ ಸೇರಿ ಮನೆಯ ಸಾಮಾನ್ಯ ಖರ್ಚು 50 ಆಗುತ್ತಿತ್ತು. ಆರಂಭದಲ್ಲೇ ಇದನ್ನು ಸಮನಾಗಿ ಹಂಚಿಕೊಳ್ಳೋಣವೆಂದು ಮಾತಾಗಿದ್ದರಿಂದ ತಲಾ 25 ಹಾಕುತ್ತಿದ್ದರು. ಸಮಪಾಲು ಎಂಬುದು ಇಬ್ಬರ ದೃಷ್ಟಿಯಲ್ಲೂ ಗೌರವದ ಪ್ರಶ್ನೆಯಾಗಿತ್ತು; ಒಬ್ಬರು ಇನ್ನೊಬ್ಬರ ಹಂಗಿನಲ್ಲಿ ಇರಬಾರದು ಎಂಬ ಆಶಯ ಅದರ ಹಿಂದಿತ್ತು. ಆಶಯ ಒಳ್ಳೆಯದೇ. ಆದರೆ ಆ ಹಂಚಿಕೆಯಲ್ಲಿ ಆಕೆ ತನ್ನ ವರಮಾನದ ಸುಮಾರು ಶೇ. 42ರಷ್ಟನ್ನು, ಆತ ತನ್ನದರ ಶೇ. 62.5ರಷ್ಟನ್ನು ಮನೆಗೆ ಹಾಕುತ್ತಿದ್ದರು ಎಂಬುದನ್ನು ಇಬ್ಬರೂ ಎಂದೂ ಲೆಕ್ಕ ಹಾಕಿ ನೋಡಿರಲಿಲ್ಲ.

ಆಕೆ ಬೆಳೆದ ಮನೆಯಲ್ಲಿ ತಂದೆ ಯಾರಿಗೂ ಹೇಳದೆ ಸಾಲ ಮಾಡಿಕೊಂಡಿದ್ದರು. ಸಾಲದ ವಿಷಯ ಹೊರಬಿದ್ದಾಗ ಕುಟುಂಬ ಮನೆ ಬಿಡಬೇಕಾಯಿತು. ತಾಯಿಯ ಹೆಸರಿನಲ್ಲಿ ಒಂದು ಖಾತೆಯೂ ಇರಲಿಲ್ಲ. ಆತನ ಮನೆಯಲ್ಲಿ ಹಣ ಕಡಿಮೆಯಿತ್ತು, ಆದರೆ ಅದರ ಬಗ್ಗೆ ಮಾತೇ ಇರಲಿಲ್ಲ. ಯಾರಿಗಾದರೂ ಕಷ್ಟ ಬಂದರೆ ಇದ್ದವರು ಕೊಡುತ್ತಿದ್ದರು, ಕೊಟ್ಟದ್ದನ್ನು ಮತ್ತೆ ಎತ್ತಿ ಆಡುತ್ತಿರಲಿಲ್ಲ. ಕೊಟ್ಟದ್ದರ ಲೆಕ್ಕ ಹೇಳುವುದು ಸಣ್ಣತನ ಎಂಬ ಭಾವನೆಯಲ್ಲಿ ಆತ ಬೆಳೆದಿದ್ದ.

ತೊಡಕು

ನನ್ನ ಬಳಿ ಬಂದಾಗ ಅವರು ಹೇಳಿಕೊಂಡ ಸಮಸ್ಯೆ ಇಷ್ಟೇ: ಆತ ಖರ್ಚುಗಾರ, ಆಕೆ ಕೈಬಿಗಿ. ತಿಂಗಳ ಮೂರನೆಯ ವಾರಕ್ಕೆಲ್ಲ ಆತನ ಕೈ ಬರಿದಾಗುತ್ತಿತ್ತು. ಎಲ್ಲಿಗೆ ಹೋಯಿತು ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದ, ಇಲ್ಲವೇ ಮಾತು ಮರೆಸುತ್ತಿದ್ದ. ಆಕೆ ಪೆನ್ಸಿಲಿನಲ್ಲಿ ಪ್ರತಿ ಖರ್ಚನ್ನೂ ಬರೆದಿಡುವ ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡಿದ್ದಳು. ಆ ಪುಸ್ತಕ ಮೇಜಿನ ಮೇಲೆ ಬಂದಿತೆಂದರೆ ಆತ ಕೋಣೆ ಬಿಟ್ಟು ಎದ್ದು ಹೋಗುತ್ತಿದ್ದ.

ಖರ್ಚು ಮಾಡುವ ಸ್ವಭಾವದವರೂ ಉಳಿಸುವ ಸ್ವಭಾವದವರೂ ಪರಸ್ಪರ ಆಕರ್ಷಿತರಾಗಿ ಮದುವೆಯಾಗುವುದು ಹೆಚ್ಚು, ಆದರೆ ಅಂಥ ಜೋಡಿಗಳಲ್ಲಿ ಹಣದ ಜಗಳವೂ ಹೆಚ್ಚು ಎಂದು ಸ್ಕಾಟ್ ರಿಕ್, ಡೆಬೊರಾ ಸ್ಮಾಲ್ ಮತ್ತು ಎಲೈ ಫಿಂಕೆಲ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಈ ಜೋಡಿ ತಮ್ಮನ್ನು ವರ್ಣಿಸಿಕೊಂಡ ರೀತಿ ಆ ಚಿತ್ರಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತಿತ್ತೆಂದರೆ, ಅಲ್ಲಿಗೇ ನಿಂತುಬಿಡುವುದು ಸುಲಭವಾಗಿತ್ತು. ಹಾಗೆ ನಿಂತಿದ್ದರೆ ಇಡೀ ಪ್ರಕರಣವೇ ಕೈತಪ್ಪುತ್ತಿತ್ತು. ಆತ ತನಗಾಗಿ ಮಾಡುತ್ತಿದ್ದ ಖರ್ಚು ಆಕೆಯದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂಬುದು ಮುಂದೆ ತಿಳಿಯಿತು. ಸ್ವಭಾವಕ್ಕೆ ಒಂದು ಹೆಸರು ಸಿಕ್ಕಿದ ಕೂಡಲೇ ಸಂಗಾತಿಗಳು ಅಂಕಿ ಅಂಶ ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಖರ್ಚುಗಾರನ ಕೈ ಬರಿದಾಗುವುದರಲ್ಲಿ ವಿಶೇಷವೇನು ಎಂಬ ಉತ್ತರ ಆಗಲೇ ಸಿದ್ಧವಾಗಿರುತ್ತದೆ.

ಅವರೇ ಮಾಡಿ ನೋಡಿದ್ದು

ನನ್ನಲ್ಲಿಗೆ ಬರುವ ಮೊದಲು ಅವರು ಸುಮ್ಮನೆ ಕುಳಿತಿರಲಿಲ್ಲ. ಇಬ್ಬರ ಖರ್ಚೂ ಇಬ್ಬರಿಗೂ ಕಾಣುವಂಥ ಆ್ಯಪ್ ಒಂದನ್ನು ಬಳಸತೊಡಗಿದ್ದರು. ಕೆಲವೇ ವಾರಗಳಲ್ಲಿ ಆಕೆ ಲೆಕ್ಕ ಕೇಳುವವಳೂ ಆತ ಲೆಕ್ಕ ಒಪ್ಪಿಸುವವನೂ ಆದರು. ಆತ ನಗದು ತೆಗೆದು ಖರ್ಚು ಮಾಡತೊಡಗಿದ, ಏಕೆಂದರೆ ಅಲ್ಲಿ 'ನಗದು' ಎಂಬ ಒಂದೇ ನಮೂದು ಬೀಳುತ್ತಿತ್ತು, ಹಣ ಯಾರಿಗೆ ಹೋಯಿತೆಂದು ಕಾಣುತ್ತಿರಲಿಲ್ಲ. ಆಕೆಯ ಅನುಮಾನ ಕಡಿಮೆಯಾಗುವ ಬದಲು ಬೆಳೆಯಿತು. ಅದಾದ ಮೇಲೆ ಎಲ್ಲವನ್ನೂ ಒಂದೇ ಜಂಟಿ ಖಾತೆಗೆ ಹಾಕೋಣವೆಂದು ಆಕೆ ಸೂಚಿಸಿದಾಗ ಆತ ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಮದುವೆಯ ಮಾತು ಅಲ್ಲಿಗೆ ನಿಂತಿತು.

ಲಾರೆನ್ ಪ್ಯಾಪ್ ಮತ್ತು ಸಂಗಡಿಗರು 100 ದಂಪತಿಗಳಿಂದ ದಿನಚರಿ ಬರೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ದಂಪತಿಗಳ ನಡುವೆ ಅತಿ ಹೆಚ್ಚು ಸಲ ಜಗಳ ತರುವ ವಿಷಯ ಹಣವಾಗಿರಲಿಲ್ಲ. ಆದರೆ ಹಣದ ಜಗಳ ಬಂದಾಗ ಅದನ್ನು ಪರಿಹರಿಸುವ ಪ್ರಯತ್ನ ಹೆಚ್ಚು ನಡೆದಿದ್ದರೂ ಅದು ಬಗೆಹರಿಯದೆ ಉಳಿದು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಈ ಇಬ್ಬರ ಮನೆಯಲ್ಲೂ ಪ್ರಯತ್ನಕ್ಕೆ ಕೊರತೆಯಿರಲಿಲ್ಲ. ಇದ್ದ ತೊಂದರೆ ಕ್ರಮದ್ದು. ಯಾರ ಬಳಿ ಏನಿದೆ, ಯಾರ ತಲೆಯ ಮೇಲೆ ಏನಿದೆ ಎಂಬುದು ತಿಳಿಯುವ ಮೊದಲೇ ಅವರು ಹಂಚಿಕೆಯ ವ್ಯವಸ್ಥೆಯನ್ನು ಹುಡುಕುತ್ತಿದ್ದರು.

ಪ್ರತ್ಯೇಕ ಭೇಟಿ ಮತ್ತು ಗುಟ್ಟಿನ ಪ್ರಶ್ನೆ

ಇಂಥ ಪ್ರಕರಣಗಳಲ್ಲಿ ನಾನು ಇಬ್ಬರನ್ನೂ ಒಂದೊಂದು ಸಲ ಪ್ರತ್ಯೇಕವಾಗಿ ಭೇಟಿಯಾಗುತ್ತೇನೆ. ಅದರ ಮುಖ್ಯ ಉದ್ದೇಶ ಸುರಕ್ಷತೆ. ತನ್ನ ಸಂಬಳ ತನ್ನ ಕೈಗೆ ಬರುತ್ತದೆಯೇ, ಸ್ವಂತ ಹಣ ತೆಗೆಯಲು ಅನುಮತಿ ಬೇಕಾಗುತ್ತದೆಯೇ, ಪಾಸ್‌ವರ್ಡ್ ಯಾರ ಬಳಿ ಇದೆ, ನಿಜ ಹೇಳಿದರೆ ಏನಾಗಬಹುದೆಂಬ ಭಯವಿದೆಯೇ ಎಂಬುದನ್ನು ಸಂಗಾತಿಯ ಎದುರು ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ. ಹಣವನ್ನು ಹಿಡಿತಕ್ಕೆ ಬಳಸುವ ಸಂಬಂಧದಲ್ಲಿ ಎಲ್ಲವನ್ನೂ ಬಿಚ್ಚಿಡಿ ಎಂದು ಹೇಳುವುದು ಅಪಾಯಕಾರಿ. ಅಲ್ಲಿ ಗುಟ್ಟಿನ ಉಳಿತಾಯವೇ ಒಬ್ಬರಿಗೆ ಉಳಿದಿರುವ ದಾರಿಯಾಗಿರಬಹುದು. ಇಲ್ಲಿ ಅಂಥ ಲಕ್ಷಣ ಕಾಣಲಿಲ್ಲ. ಸಂಕೋಚವಿತ್ತು, ನಾಚಿಕೆಯಿತ್ತು, ಭಯವಿರಲಿಲ್ಲ.

ಪ್ರತ್ಯೇಕ ಭೇಟಿಗೆ ನಾನೊಂದು ಷರತ್ತನ್ನು ಮೊದಲೇ ಹೇಳಿರುತ್ತೇನೆ. ಅಲ್ಲಿ ಹೇಳಿದ್ದನ್ನು ನಾನಾಗಿ ಇನ್ನೊಬ್ಬರಿಗೆ ತಿಳಿಸುವುದಿಲ್ಲ. ಆದರೆ ಜಂಟಿ ನಿರ್ಧಾರವನ್ನೇ ಬದಲಿಸಬಲ್ಲ ವಿಷಯವೊಂದನ್ನು ಬಚ್ಚಿಟ್ಟುಕೊಂಡು ಜಂಟಿ ಮಾತುಕತೆಯನ್ನು ಮುಂದುವರಿಸುವುದೂ ಇಲ್ಲ. ಈ ಪ್ರಕರಣ ತಿರುಗಿದ್ದು ಈ ಷರತ್ತಿನ ಮೇಲೆಯೇ.

ಆತ ಹೇಳಿದ್ದು: ಕೆಲವು ವರ್ಷಗಳ ಹಿಂದೆ ತಮ್ಮನ ವ್ಯಾಪಾರದ ಸಾಲಕ್ಕೆ ಜಾಮೀನು ನಿಂತಿದ್ದ. ವ್ಯಾಪಾರ ನಿಂತುಹೋಯಿತು, ಸಾಲ ಕೊಟ್ಟವರು ಜಾಮೀನುದಾರನನ್ನು ಹಿಡಿದರು. ಒಂದು ಪಾಲನ್ನು ಉಳಿತಾಯದಿಂದ ತೀರಿಸಿ, ಉಳಿದದ್ದನ್ನು ಕ್ರೆಡಿಟ್ ಕಾರ್ಡಿನ ಮೇಲೆ ಎಳೆದು ಕಟ್ಟಿದ್ದ. ಆ ಬಾಕಿ ಈಗ 90, ಬಡ್ಡಿ ತಿಂಗಳಿಗೆ ಶೇ. 3. ತಿಂಗಳಿಗೆ 4.5 ಕಟ್ಟುತ್ತಿದ್ದ, ಅದರಲ್ಲಿ 2.7 ಬಡ್ಡಿಗೇ ಹೋಗಿ ಅಸಲಿನಲ್ಲಿ 1.8 ಮಾತ್ರ ಇಳಿಯುತ್ತಿತ್ತು. ಅದೇ ವೇಗದಲ್ಲಿ ಸಾಗಿದ್ದರೆ ಸಾಲ ತೀರಲು ಇನ್ನೂ 31 ತಿಂಗಳು ಬೇಕಿತ್ತು, ಕಟ್ಟುವ ಬಡ್ಡಿಯೊಂದೇ ಸುಮಾರು 50 ಆಗುತ್ತಿತ್ತು. ಕಾರ್ಡಿನ ಸಂದೇಶ ಬರುವ ದಿನ ಫೋನನ್ನು ಬೋರಲಾಗಿ ಇಡುತ್ತೇನೆ ಎಂದು ಆತ ಹೇಳಿದ. ತಮ್ಮನ ಹೆಸರು ಹಾಳಾಗಬಾರದು, ಆಕೆಯ ಕಣ್ಣಿನಲ್ಲಿ ತಾನು ಅವಳ ತಂದೆಯಂತೆ ಕಾಣಬಾರದು ಎಂಬ ಎರಡು ಕಾರಣಗಳಿಂದ ಸುಮ್ಮನಿದ್ದ.

ಆಕೆ ಹೇಳಿದ್ದು: ಆತನಿಗೆ ತಿಳಿಯದ ಖಾತೆಯೊಂದರಲ್ಲಿ 150 ಠೇವಣಿ ಇದೆ, ತಿಂಗಳಿಗೆ ಶೇ. 0.5ರಂತೆ ಬಡ್ಡಿ ಬರುತ್ತದೆ. ಅದು ಮನೆಯ ಮೂರು ತಿಂಗಳ ಖರ್ಚಿಗೆ ಸಮ. "ಈ ಮನೆ ಬಿಟ್ಟು ಹೋಗಬೇಕಾಗಿ ಬಂದರೆ ಯಾರ ಮುಂದೆಯೂ ಕೈ ಚಾಚಬಾರದು" ಎಂಬುದು ಆ ಹಣದ ಉದ್ದೇಶ. ಬಿಟ್ಟು ಹೋಗುವ ಯೋಚನೆ ಆಕೆಗಿರಲಿಲ್ಲ. ಆದರೂ ಅಂಥ ಹಣವಿದೆ ಎಂದು ಹೇಳಿದರೆ ಬಿಟ್ಟು ಹೋಗುವ ಯೋಚನೆಯಿದೆ ಎಂದೇ ಆತ ತಿಳಿಯುತ್ತಾನೆ ಎಂದು ಹೆದರಿದ್ದಳು.

ಹೀಗೆ ಎರಡು ಗುಟ್ಟುಗಳೂ ನನ್ನ ಕೈಯಲ್ಲಿದ್ದವು. ಆ 150ರಲ್ಲಿ 90 ಎಂಬುದು ತಿಂಗಳಿಗೆ 0.45 ದುಡಿಯುತ್ತಿತ್ತು, ಅಷ್ಟೇ ಮೊತ್ತದ ಸಾಲ ತಿಂಗಳಿಗೆ 2.7 ತಿನ್ನುತ್ತಿತ್ತು. ಅಂದರೆ ಇಬ್ಬರ ಮೌನಕ್ಕೆ ಆ ಮನೆ ತಿಂಗಳಿಗೆ 2.25 ತೆರುತ್ತಿತ್ತು. ಈ ಲೆಕ್ಕವನ್ನು ಇಬ್ಬರ ಮುಂದೆ ಇಟ್ಟುಬಿಡುವ ಆಸೆ ಬಲವಾಗಿತ್ತು. ಹಾಗೆ ಮಾಡದಿರಲು ಷರತ್ತು ಮಾತ್ರ ಕಾರಣವಲ್ಲ. ಹೊರಗಿನವರ ಬಾಯಿಂದ ಗೊತ್ತಾದ ಸಾಲ 'ಸಿಕ್ಕಿಬಿದ್ದ' ಸಾಲವಾಗುತ್ತದೆ. ತಾನೇ ಹೇಳಿದ ಸಾಲ ಒಟ್ಟಿಗೆ ಕುಳಿತು ಯೋಚಿಸಬಹುದಾದ ವಿಷಯವಾಗುತ್ತದೆ. ಅವರು ಮುಂದೆ ಒಟ್ಟಿಗೆ ಬಾಳಬೇಕಾದವರಾದ್ದರಿಂದ ಆ ವ್ಯತ್ಯಾಸ 2.25ಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ. ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದೆ: ಇದನ್ನು ನೀವೇ ಹೇಳುವವರೆಗೆ ಮುಂದಿನ ಭೇಟಿ ಇಲ್ಲ, ಹೇಗೆ ಹೇಳುವುದೆಂದು ಯೋಚಿಸಲು ಸಹಾಯ ಬೇಕಿದ್ದರೆ ಮಾಡುತ್ತೇನೆ.

ಎರಡು ಹಾಳೆಗಳು

ಸುಮಾರು ಮೂರು ವಾರ ಇಬ್ಬರಿಂದಲೂ ಸುದ್ದಿಯಿರಲಿಲ್ಲ. ಆಮೇಲೆ, ಮನೆಯಲ್ಲಿ ಹೇಳಲು ಆಗುತ್ತಿಲ್ಲ, ಇಲ್ಲಿಯೇ ಹೇಳುತ್ತೇನೆ ಎಂದು ಆತ ಭೇಟಿ ಕೇಳಿದ. ಆಕೆಯೂ ಹೆಚ್ಚುಕಡಿಮೆ ಅದೇ ಮಾತು ಹೇಳಿದಳು.

ಆ ಭೇಟಿಯಲ್ಲಿ ಇಬ್ಬರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು ಐದು ಸಾಲು ಬರೆಯಲು ಹೇಳಿದೆ: ತಿಂಗಳಿಗೆ ಬರುವುದು, ಹೋಗುವುದು, ಇರುವುದು, ಕೊಡಬೇಕಾದದ್ದು, ಬೇರೆಯವರಿಗಾಗಿ ಹೊತ್ತಿರುವ ಹೊಣೆ. ವಿವರಣೆ ಬೇಡ, ಸಮರ್ಥನೆ ಬೇಡ, ಅಂಕಿ ಮಾತ್ರ. ಹಾಳೆಗಳನ್ನು ಬದಲಿಸಿಕೊಂಡ ಮೇಲೆ ಹತ್ತು ನಿಮಿಷ ಯಾರೂ ಮಾತನಾಡಬಾರದು ಎಂದೂ ಒಪ್ಪಿಸಿದ್ದೆ. ಅಂಕಿಯನ್ನು ಕಂಡ ಮೊದಲ ಕ್ಷಣದಲ್ಲಿ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ತೀರ್ಪಿನ ಮಾತು. ಅದು ಬಂದ ಮೇಲೆ ಇನ್ನೊಬ್ಬರು ಮುಂದಿನ ಸಾಲನ್ನು ಹೇಳುವುದಿಲ್ಲ.

ಆತ ಬರೆದು ಮುಗಿಸಿ ಹಾಳೆಯ ಕೆಳ ಅಂಚನ್ನು ಮಡಚಿದ. ಕೊನೆಯ ಎರಡು ಸಾಲು ಮಡಿಕೆಯೊಳಗೆ ಹೋದವು. ಹಾಗೆಯೇ ಹಿಡಿದು ಸ್ವಲ್ಪ ಹೊತ್ತು ಕುಳಿತು, ಹೆಬ್ಬೆರಳಿನಿಂದ ಮಡಿಕೆಯನ್ನು ತಾನೇ ಬಿಡಿಸಿ ಆಕೆಯ ಕಡೆ ಸರಿಸಿದ. ಆಕೆ ಓದಿದಳು, ಏನೂ ಹೇಳಲಿಲ್ಲ. ಆತನ ಕೈಯಲ್ಲಿದ್ದ ತನ್ನ ಹಾಳೆಯನ್ನು ಮರಳಿ ತೆಗೆದುಕೊಂಡು, 'ಇರುವುದು' ಎಂಬ ಸಾಲಿನಲ್ಲಿ ಬರೆದಿದ್ದ ಸಣ್ಣ ಮೊತ್ತವನ್ನು ಹೊಡೆದುಹಾಕಿ ನಿಜವಾದ ಮೊತ್ತವನ್ನು ಬರೆದಳು. ಅಂದರೆ ಮೊದಲ ಸಲ ಅಲ್ಲಿಯೂ ಮುಚ್ಚಿಡಲು ಹೊರಟಿದ್ದಳು. ಆತ ಮಡಿಕೆ ಬಿಡಿಸದಿದ್ದರೆ ಆಕೆ ಆ ಸಾಲನ್ನು ತಿದ್ದುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಹತ್ತು ನಿಮಿಷದ ನಂತರ ಬಂದದ್ದು ಸಿಟ್ಟೇ. "ಎರಡು ವರ್ಷ ನಾನು ಜಿಪುಣಿ ಅಂತ ಅನ್ನಿಸಿಕೊಳ್ಳುತ್ತಿದ್ದರೂ ನೀನು ಸುಮ್ಮನಿದ್ದೆಯಲ್ಲ" ಎಂದು ಆಕೆ. "ಇಷ್ಟು ಇಟ್ಟುಕೊಂಡು ತಿಂಗಳ ಕೊನೆಗೆ ನನ್ನ ಹತ್ತಿರ ಬಾಡಿಗೆ ಕೇಳುತ್ತಿದ್ದೆಯಲ್ಲ" ಎಂದು ಆತ. ಆ ಸಿಟ್ಟನ್ನು ನಾನು ತಡೆಯಲಿಲ್ಲ. ಮೊದಲ ಬಾರಿಗೆ ಅದು ಸ್ವಭಾವದ ಮೇಲಿನ ದೂರಾಗಿರದೆ ನಡೆದ ಸಂಗತಿಯ ಮೇಲಿನ ಸಿಟ್ಟಾಗಿತ್ತು, ಅಂಥದಕ್ಕೆ ಉತ್ತರ ಕೊಡಲು ಸಾಧ್ಯ.

ಠೇವಣಿಯನ್ನು ಮುಟ್ಟಬೇಕೇ?

ಮುಂದಿನ ಭೇಟಿಗೆ ಆಕೆ ಸಿದ್ಧ ಪರಿಹಾರದೊಂದಿಗೆ ಬಂದಳು: ಠೇವಣಿ ಮುರಿದು 90ನ್ನೂ ಇಂದೇ ತೀರಿಸೋಣ. ಗಣಿತದ ಪ್ರಕಾರ ಇದಕ್ಕಿಂತ ಒಳ್ಳೆಯ ಸಲಹೆಯಿಲ್ಲ. ಅದನ್ನು ಹೇಳುವಾಗ ಆಕೆ ಹಾಳೆಯನ್ನೇ ನೋಡುತ್ತಿದ್ದಳು, ಆತನನ್ನಲ್ಲ. ಆತನೂ ಬೇಡವೆಂದ. ನಾನೂ ತಡೆದೆ.

ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಮನುಷ್ಯರು ಹಣದ ವಿಷಯದಲ್ಲಿ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಅಧ್ಯಯನಕ್ಕಾಗಿ. ಜನ ತಮ್ಮ ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಲೆಕ್ಕಗಳಲ್ಲಿ ಇಡುತ್ತಾರೆ, ಒಂದರ ಹಣವನ್ನು ಇನ್ನೊಂದಕ್ಕೆ ಸುಲಭವಾಗಿ ಬಳಸುವುದಿಲ್ಲ ಎಂಬುದು ಅವರು ತೋರಿಸಿಕೊಟ್ಟ ಸಂಗತಿಗಳಲ್ಲಿ ಒಂದು. ಅಗ್ಗದ ಬಡ್ಡಿಗೆ ಹಣ ಇಟ್ಟುಕೊಂಡು ದುಬಾರಿ ಸಾಲ ತೀರಿಸದಿರುವುದು ಅದರ ಪರಿಚಿತ ಉದಾಹರಣೆ, ಸಾಮಾನ್ಯವಾಗಿ ಅದನ್ನು ದೋಷವೆಂದೇ ಹೇಳಲಾಗುತ್ತದೆ. ಆದರೆ ಆಕೆಯ 150 ಬರಿಯ ಉಳಿತಾಯವಾಗಿರಲಿಲ್ಲ. ತಾಯಿಗೆ ಇಲ್ಲದಿದ್ದದ್ದು ತನಗಿದೆ ಎಂಬ ಧೈರ್ಯ ಅದು. ಸಂಗಾತಿ ಮುಚ್ಚಿಟ್ಟ ಸಾಲಕ್ಕೆ ಆ ಧೈರ್ಯವನ್ನೇ ಒಂದು ದಿನದಲ್ಲಿ ಸುರಿದುಬಿಟ್ಟರೆ ಬಾಲ್ಯದಲ್ಲಿ ಕಂಡದ್ದೇ ತನ್ನ ಬದುಕಿನಲ್ಲೂ ನಡೆದಂತಾಗುತ್ತಿತ್ತು. ಆತನಿಗೆ ಅದು ಎಂದೂ ತೀರದ ಋಣವಾಗಿ ಉಳಿಯುತ್ತಿತ್ತು.

ಬದಲಾಗಿ ಮೊದಲು ಹಂಚಿಕೆಯನ್ನು ನೋಡಿದೆವು. 50ನ್ನು ವರಮಾನದ ಪ್ರಮಾಣದಲ್ಲಿ ಹಂಚಿದರೆ ಆಕೆ 30, ಆತ 20. ಇಬ್ಬರೂ ತಮ್ಮ ತಮ್ಮ ವರಮಾನದ ಸರಿಯಾಗಿ ಅರ್ಧವನ್ನು ಮನೆಗೆ ಹಾಕಿದಂತಾಗುತ್ತದೆ. ಸಮಾನತೆಯನ್ನು ಮೊತ್ತದಲ್ಲಿ ಕಾಣಬೇಕೇ, ಹೊರೆಯಲ್ಲಿ ಕಾಣಬೇಕೇ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. 'ಅರ್ಧ' ಎಂಬ ಅಳತೆ ಇಬ್ಬರಿಗೂ ಒಪ್ಪಿಗೆಯಾಯಿತು. ಇದರಿಂದ ಆತನ ಕೈಯಲ್ಲಿ ಉಳಿದ 5ನ್ನು ಸಾಲಕ್ಕೇ ಸೇರಿಸಿ ತಿಂಗಳಿಗೆ 9.5 ಕಟ್ಟುವುದು, ಕಾರ್ಡನ್ನು ಬಳಸದಿರುವುದು ಎಂದು ತೀರ್ಮಾನವಾಯಿತು. ಆತನ ಕೈಖರ್ಚು ಮೊದಲಿನಷ್ಟೇ ಉಳಿಯಿತು, ಆದರೆ 31 ತಿಂಗಳ ಸಾಲ ಠೇವಣಿಯನ್ನು ಮುಟ್ಟದೆಯೇ 12 ತಿಂಗಳಿಗೆ ಇಳಿಯಿತು, ಬಡ್ಡಿ 50ರಿಂದ 17.5ಕ್ಕೆ ಬಂತು. ಎಲ್ಲವನ್ನೂ ಠೇವಣಿಯಿಂದ ತೀರಿಸಿದ್ದರೆ ಆ 17.5ರ ಬಹುಪಾಲೂ ಉಳಿಯುತ್ತಿತ್ತು ಎಂಬುದನ್ನು ಅವರಿಂದ ಮರೆಮಾಡಲಿಲ್ಲ. ಬೆಲೆ ಎಷ್ಟೆಂದು ತಿಳಿದುಕೊಂಡೇ ಅವರು ಈ ದಾರಿಯನ್ನು ಆರಿಸಿಕೊಂಡರು.

ಖಾತೆಗಳ ವಿಷಯದಲ್ಲಿ ಅವರದೇ ದಾರಿಯಾಯಿತು. ಜೆನ್ನಿ ಓಲ್ಸನ್ ಮತ್ತು ಸಹ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮದುವೆ ನಿಶ್ಚಯವಾದ ಅಥವಾ ಹೊಸದಾಗಿ ಮದುವೆಯಾದ ಜೋಡಿಗಳ ಪೈಕಿ ಜಂಟಿ ಖಾತೆಗೆ ಹಣ ಸೇರಿಸಿದವರ ಸಂಬಂಧದ ಗುಣಮಟ್ಟ ಎರಡು ವರ್ಷಗಳಲ್ಲಿ ಪ್ರತ್ಯೇಕ ಖಾತೆಯವರಿಗಿಂತ ಚೆನ್ನಾಗಿ ಉಳಿದಿತ್ತು. ಇದನ್ನು ಅವರಿಗೆ ತಿಳಿಸಿದೆ. ಆದರೂ ಮನೆಯ ಖರ್ಚಿಗೆ ಮಾತ್ರ ಜಂಟಿ ಖಾತೆ ಸಾಕು, ಉಳಿದದ್ದು ಅವರವರ ಬಳಿ ಇರಲಿ ಎಂದರು. ಗುಟ್ಟು ಈಗಷ್ಟೇ ಹೊರಬಂದಿರುವಾಗ ಅದು ಸರಿಯಾದ ಎಚ್ಚರಿಕೆಯೇ ಆಗಿತ್ತು.

ನಡೆದದ್ದು

ಮೂರು ತಿಂಗಳು ಆತ ತಪ್ಪದೆ 9.5 ಕಟ್ಟಿ ಸ್ಟೇಟ್‌ಮೆಂಟನ್ನು ಕೇಳದೆಯೇ ತೋರಿಸಿದ. ಬಾಕಿ 69ಕ್ಕೆ ಇಳಿದಾಗ ಆಕೆ ಠೇವಣಿಯಿಂದ 30 ಕೊಟ್ಟಳು. ಈ ಸಲ ಅದು ಗಾಬರಿಯ ಕೊಡುಗೆಯಾಗಿರಲಿಲ್ಲ. ಬಡ್ಡಿಯಿಲ್ಲದ ಕೈಸಾಲವೆಂದು ಇಬ್ಬರೂ ಬರೆದು ಸಹಿ ಮಾಡಿದ್ದರು. ದುಬಾರಿ ಸಾಲ ಎಂಟನೆಯ ತಿಂಗಳಿಗೆ ತೀರಿತು, ಆಕೆಯ 30 ಹನ್ನೊಂದನೆಯ ತಿಂಗಳಿಗೆ ಮರಳಿತು. ಆಕೆ ಖರ್ಚಿನ ಪುಸ್ತಕವನ್ನು ಬಿಡಲಿಲ್ಲ, ಆದರೆ ಅದರಲ್ಲಿ ತನ್ನ ಖರ್ಚನ್ನು ಮಾತ್ರ ಬರೆಯತೊಡಗಿದಳು.

ನಿಜವಾದ ಪರೀಕ್ಷೆ ಆರನೆಯ ತಿಂಗಳಲ್ಲಿ ಬಂತು. ಆತನ ತಮ್ಮ ಇನ್ನೊಂದು ಸಾಲಕ್ಕೆ ಜಾಮೀನು ಕೇಳಿದ. ಆತ ಸಹಿ ಮಾಡುವ ಮೊದಲು ಆಕೆಗೆ ಹೇಳಿದ. ಮನೆಯಲ್ಲಿ ಎರಡು ದಿನ ಮಾತು ಬಿರುಸಾಗಿಯೇ ನಡೆಯಿತು. ಕೊನೆಗೆ ಜಾಮೀನಿಗೆ ಇಲ್ಲವೆಂದು, ಮರಳಿ ಬರದಿದ್ದರೂ ಸರಿಯೆನ್ನುವ ಸಣ್ಣ ಮೊತ್ತವೊಂದನ್ನು ಆತ ತನ್ನ ಪಾಲಿನಿಂದ ಕೊಟ್ಟ. ಜಾಮೀನಿಗೆ ಮಿತಿಯೆಂಬುದು ಕೈ ಮೀರಿದ್ದು, ಕೊಡುಗೆಗೆ ಮಿತಿಯನ್ನು ತಾವೇ ಹಾಕಿಕೊಳ್ಳಬಹುದು ಎಂಬ ಈ ಭೇದ ಅವರೇ ಕಂಡುಕೊಂಡದ್ದು. ಅಂದಿನಿಂದ ಬೇರೆ ಜೋಡಿಗಳ ಮುಂದೆಯೂ ಅದನ್ನು ಚರ್ಚೆಗೆ ಇಡುತ್ತಿದ್ದೇನೆ.

ಎಲ್ಲವೂ ಬಗೆಹರಿದಿಲ್ಲ. ನಂಟರಿಗೆ ನೆರವಾಗಲು ತಿಂಗಳಿಗೊಂದು ಮೊತ್ತವನ್ನು ನಿಗದಿ ಮಾಡೋಣ, ಅದರಾಚೆ ಬೇಡ ಎಂಬುದು ಆಕೆಯ ನಿಲುವು. ಕಷ್ಟ ಹೇಳಿ ಬರುವುದಿಲ್ಲ, ನೆರವಿಗೆ ಮಿತಿ ಹಾಕಿಕೊಳ್ಳುವುದು ತನ್ನಿಂದಾಗದು ಎಂಬುದು ಆತನದು. ಇಬ್ಬರೂ ತಮ್ಮ ನಿಲುವನ್ನು ಬದಲಿಸಿಲ್ಲ, ಬದಲಿಸುವಂತೆ ನಾನೂ ಒತ್ತಾಯಿಸಲಿಲ್ಲ. ಅದು ಸುಳ್ಳಿನಿಂದಲೋ ಮರೆಮಾಚಿದ್ದರಿಂದಲೋ ಹುಟ್ಟಿದ ಭಿನ್ನಾಭಿಪ್ರಾಯವಲ್ಲ. ಸದ್ಯಕ್ಕೆ ಯಾರಿಗೇ ಕೊಡುವುದಿದ್ದರೂ ಕೊಡುವ ಮೊದಲು ಹೇಳಬೇಕು, ಕೊಟ್ಟದ್ದು ಅವರವರ ಪಾಲಿನಿಂದಲೇ ಹೋಗಬೇಕು ಎಂಬಷ್ಟಕ್ಕೆ ಒಪ್ಪಂದವಾಗಿದೆ. ಮೂರು ತಿಂಗಳಿಗೊಮ್ಮೆ ಅದೇ ಐದು ಸಾಲುಗಳ ಹಾಳೆಯನ್ನು ಹೊಸದಾಗಿ ಬರೆದು ಬದಲಿಸಿಕೊಳ್ಳುತ್ತಾರೆ. ಒಂದು ವರ್ಷದ ನಂತರ ಭೇಟಿಯಾದಾಗ ಐದನೆಯ ಸಾಲಿನ ಮೇಲೆ ಅವರ ವಾದ ಇನ್ನೂ ನಡೆಯುತ್ತಿತ್ತು; ಮದುವೆಯ ದಿನವೂ ಗೊತ್ತಾಗಿತ್ತು.